ಹಳಬ ಸೋಲಲಿ ಎಂದವಳು

“ಆ ಎಡಗೈ ಹುಡುಗನನ್ನ ನನ್ನ ಮೇಲೆ ಬಿಟ್ಟಿದ್ದು ನೀವೇನಾ?”

ಬಾಗಿಲಲ್ಲಿ ನಿಂತವನನ್ನು ಕಂಡು ಅವಳ ಕೈಯಲ್ಲಿದ್ದ ಫೋನು ಕಿವಿಯ ಹತ್ತಿರವೇ ಉಳಿಯಿತು. ಅವನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಹುಬ್ಬಿನ ಮೇಲೆ ಹಸಿ ಹೊಲಿಗೆ. ಇನ್ನೊಂದು ಕಣ್ಣು ನೆಟ್ಟ ನೋಟದಲ್ಲಿ ಅವಳನ್ನೇ ನೋಡುತ್ತಿತ್ತು.

ಇಷ್ಟು ವರ್ಷ ಸಭಾಂಗಣದ ಕೊನೆಯ ಸಾಲಿನಿಂದ ಕದ್ದು ನೋಡಿದ ಮುಖ ಅದು. ಎದುರು ನಿಂತು ಮಾತಾಡುತ್ತಿರುವುದು ಇದೇ ಮೊದಲು.

“ಹೌದು... ನಾನೇ,” ಎಂದಳು. ಬೈಸಿಕೊಳ್ಳಲು ಮನಸ್ಸು ಗಟ್ಟಿ ಮಾಡಿಕೊಂಡಳು. ‘ಬೈಯಲಿ. ಸಾಕಾಯ್ತು, ಇನ್ನು ಆಡಲ್ಲ ಅಂತ ಒಂದು ಮಾತು ಹೇಳಿಬಿಡಲಿ...’

ಅವನು ಕುರ್ಚಿ ಎಳೆದುಕೊಂಡು ಕೂತ.

“ಒಳ್ಳೆ ಪೆಟ್ಟು ಅವನದು. ಅವನಿಗಿಂತ ಗಟ್ಟಿ ಆಳು ಬೇರೆ ಯಾರಿದ್ದಾರೆ?”

ಅವಳು ಫೋನನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು.

ಬಾಕ್ಸಿಂಗ್ ಪಂದ್ಯಗಳನ್ನು ಗೊತ್ತು ಮಾಡುವುದು ಅವಳ ಕೆಲಸ. ಯಾರ ಎದುರು ಯಾರು ಆಡಬೇಕು ಎಂದು ತೀರ್ಮಾನಿಸುವವಳು ಅವಳು. ಟೈರ್ ಅಂಗಡಿಯ ಮೇಲಿನ ಈ ಆಫೀಸು ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ಇವಳ ಪಾಲಿಗೆ ಬಂತು. “ಊರಿನ ಗಂಡಸರಿಗೆಲ್ಲ ಜೋಡಿ ಹುಡುಕ್ತೀಯ. ನಿನಗೊಂದು ಮಾತ್ರ ಸಿಗಲಿಲ್ಲ ನೋಡು,” ಎಂದು ಚಿಕ್ಕಮ್ಮ ಚುಚ್ಚುವುದು ತಪ್ಪಿರಲಿಲ್ಲ.

ಇವನನ್ನು ಜನ ‘ಹಳಬ’ ಎಂದೇ ಕರೆಯುತ್ತಿದ್ದರು. ಅವನ ಓರಗೆಯವರೆಲ್ಲ ಗ್ಲೌಸ್ ಕಳಚಿ ಮೊಮ್ಮಕ್ಕಳನ್ನು ಆಡಿಸುವ ಕಾಲ ಹತ್ತಿರ ಬಂದಿತ್ತು. ಇವನೊಬ್ಬ ಮಾತ್ರ ರಿಂಗ್ ಬಿಟ್ಟಿರಲಿಲ್ಲ. ಎದುರಾಳಿ ಬಿದ್ದರೆ ಮೊದಲು ಅವನನ್ನು ಎಬ್ಬಿಸಿ ಸ್ಟೂಲ್ ಮೇಲೆ ಕೂರಿಸುತ್ತಿದ್ದ. ಆಮೇಲಷ್ಟೇ ಗೆದ್ದ ಕೈ ಮೇಲೆತ್ತುತ್ತಿದ್ದ. ಅವಳ ಮನಸ್ಸು ಸೋತದ್ದು ಅಲ್ಲೇ.

ಆದರೆ ಅವಳು ಬೇರೆಯದನ್ನೂ ನೋಡಿ ಬೆಳೆದವಳು. ಅಪ್ಪನ ಕಾಲದ ಹುಲಿಯಂಥ ಆಟಗಾರರು ಆಮೇಲೆ ಚಮಚ ಹಿಡಿಯಲಾಗದೆ ಎದೆ ಮೇಲೆ ಸಾರು ಚೆಲ್ಲಿಕೊಳ್ಳುತ್ತಿದ್ದರು. ಹೆಂಡತಿಯ ಹೆಸರು ನೆನಪಾಗದೆ ಪೆಚ್ಚಾಗಿ ನಗುತ್ತಿದ್ದರು.

ಇವನಿಗೆ ಹಾಗಾಗಬಾರದು. ಸುಲಭದವರನ್ನು ಕೊಟ್ಟರೆ ಗೆಲ್ಲುತ್ತಲೇ ಹೋಗುತ್ತಾನೆ, ಬಿಡುವುದೇ ಇಲ್ಲ. ಇವಳು ಪಂದ್ಯ ಕೊಡದಿದ್ದರೆ ಪಕ್ಕದ ಊರಿನವರು ಕೊಡುತ್ತಾರೆ. ಅಂಕಗಳಲ್ಲಿ ಒಂದೇ ಒಂದು ಸೋಲು ಸಾಕು, ಮರ್ಯಾದೆಯಿಂದ ಮನೆ ಸೇರುತ್ತಾನೆ... ಹಾಗೆಂದು ಲೆಕ್ಕ ಹಾಕಿ ಅವಳೇ ಎಡಗೈ ಹುಡುಗನನ್ನು ಆರಿಸಿದ್ದಳು.

ಹಳಬ ಗೆದ್ದುಬಿಟ್ಟಿದ್ದ.

ಎರಡನೆಯವನಾಗಿ ‘ಕಮ್ಮಾರ’ನನ್ನು ಕೊಟ್ಟಳು. ಅವನ ಬಲಗೈ ಗುದ್ದಿಗೆ ದವಡೆ ಮುರಿಸಿಕೊಂಡವರು ಬೇಕಾದಷ್ಟಿದ್ದರು. ಅದನ್ನೂ ಹಳಬ ಗೆದ್ದ. ಮತ್ತೆ ಮೆಟ್ಟಿಲು ಹತ್ತಿ ಬಂದ. ದವಡೆ ನೋವಿಗೆ ಬಿಸ್ಕತ್ತನ್ನು ಟೀಯಲ್ಲಿ ನೆನೆಸಿ ತಿನ್ನುತ್ತಾ, ಕಮ್ಮಾರ ಹೇಗೆ ಕಾಲು ಎಡವಿದ ಎಂದು ಅಭಿನಯಿಸಿ ತೋರಿಸಿದ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಅವನು ಹೋದ ಮೇಲೂ ಕಣ್ಣು ಒರೆಸಿಕೊಳ್ಳುತ್ತಲೇ ಇದ್ದಳು. ಆಗ ನಗು ಇರಲಿಲ್ಲ.

“ಮುಂದಿನವನು ಯಾರು?” ಎಂದು ಕೇಳಿಯೇ ಹೋಗಿದ್ದ.

ಮೂರನೆಯವನು ‘ಗೂಳಿ’. ಇನ್ನೂ ಯಾರ ಕೈಲೂ ಸೋಲದವನು.

ಭಾನುವಾರ ಸಂಜೆ ಸಭಾಂಗಣ ಕಿಕ್ಕಿರಿದಿತ್ತು. ಐದನೇ ರೌಂಡಿನಲ್ಲಿ ಗೂಳಿಯ ಗುದ್ದು ಹಳಬನ ಎಡಗಿವಿಯ ಮೇಲೆ ಬಿತ್ತು. ಹಳಬ ಬಿದ್ದ. ಅವಳು ಕಾಯುತ್ತಿದ್ದ ಸೋಲು ಅದೇ. ಆದರೆ ಅವನು ಏಳಲಿಲ್ಲ. ಸುತ್ತ ಗದ್ದಲವೋ ಗದ್ದಲ, ಅವಳಿಗೆ ಮಾತ್ರ ಏನೂ ಕೇಳಿಸಲಿಲ್ಲ.

‘ಏಳು... ಎದ್ದು ಗೆದ್ದುಬಿಡು ಬೇಕಾದ್ರೆ. ಏಳು ಮಾರಾಯ...’

ಡ್ರೆಸ್ಸಿಂಗ್ ರೂಮಿಗೆ ಅವಳು ಓಡಿ ಬರುವಷ್ಟರಲ್ಲಿ ಅವನು ಕಣ್ಣು ಬಿಟ್ಟಿದ್ದ. ಅವನ ಸೋದರಮಾವ ತಲೆ ಹಿಡಿದುಕೊಂಡು ಕೂತಿದ್ದರು. ಚಿಕ್ಕಂದಿನಿಂದ ಅವನಿಗೆ ಕೋಚ್ ಆಗಿದ್ದವರು ಅವರೇ.

“ಮಾವ, ಯಾರು ಗೆದ್ರು?”

“ಅವನು ಗೆದ್ದ ಕಣೋ.”

“ಓ...” ಚಾವಣಿ ನೋಡಿ ಮತ್ತೆ ಮಾವನ ಕಡೆ ತಿರುಗಿದ. “ಮಾವ, ಯಾರು ಗೆದ್ರು?”

ಅವಳು ಗಾಡಿ ತರಿಸಲು ಹೊರಗೆ ಓಡಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಮಾವನ ಪಕ್ಕ ಕೂತು ಎಲ್ಲವನ್ನೂ ಹೇಳಿಕೊಂಡಳು. ಮೂವರನ್ನೂ ಆರಿಸಿದ್ದು ಅವನು ಸೋಲಲಿ ಎಂದೇ, ಆಟ ಬಿಡಲಿ ಎಂದೇ...

ಮಾವ ಬೈಯಲಿಲ್ಲ. ಬಿಟ್ಟ ಬಾಯಿ ಬಿಟ್ಟಂತೆ ಅವಳನ್ನೇ ನೋಡಿದರು.

“ಅಯ್ಯೋ ನನ್ನವ್ವಾ... ಆಟ ಬಿಡು ಅಂತ ಹೇಳಿ ಹೇಳಿ ನನಗೇ ಸಾಕಾಗಿತ್ತು. ನೀವು ಆಫೀಸಿಗೆ ಬಂದಾಗಿಂದ ಅವನ ವರಸೇನೇ ಬದಲಾಯ್ತು. ‘ಆಟ ಬಿಟ್ರೆ ಆ ಮೆಟ್ಟಿಲು ಹತ್ತೋಕೆ ನನಗೇನು ನೆಪ ಇದೆ ಮಾವ?’ ಅಂದ. ಮೊದಲ ಸಲ ಬರೋಕೇ ಒಂದು ಗೆಲುವು ಬೇಕಾಯ್ತು ಅವನಿಗೆ, ಧೈರ್ಯಕ್ಕೆ.”

ತನ್ನನ್ನು ನೋಡಲೆಂದು ಅವನು ಏಟು ತಿಂದ. ಅವನನ್ನು ಉಳಿಸಲೆಂದು ತಾನು ಏಟು ಕೊಡಿಸಿದೆ. ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಟ್ಟಿದ್ದರೆ...

ಮರುದಿನ ಅವನ ಮಾತು ನೆಟ್ಟಗಾಗಿತ್ತು. ಮಂಚದ ಪಕ್ಕ ನಿಂತೇ ಎಲ್ಲ ಹೇಳಿದಳು.

“ನಾನು ಸೋಲಲಿ ಅಂತ?” ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. “ಪ್ರತಿ ಸಲ ಟೀ ಕೊಟ್ಟು ನಗ್ತಿದ್ರಲ್ಲ... ಆಗಲೂ?”

“ಆಗಲೂ.”

“ಬಿಡು ಅಂತ ಒಂದು ಮಾತು ಹೇಳೋಕಾಗಲಿಲ್ವಾ?”

“ಹೇಳೋಕೆ ನಾನು ಯಾರು ಅಂತ...”

ಅವನು ಗೋಡೆಯ ಕಡೆ ಮಗ್ಗುಲಾದ. ಅವಳು ಬಹಳ ಹೊತ್ತು ನಿಂತಿದ್ದಳು. ಅವನು ತಿರುಗಲಿಲ್ಲ.

ಅವನು ಮನೆಗೆ ಬಂದನೆಂದು ಮಾವನೇ ಫೋನ್ ಮಾಡಿ ತಿಳಿಸಿದರು. ಹೋಗಲೋ ಬೇಡವೋ ಎಂದು ಒದ್ದಾಡಿ, ಕೊನೆಗೆ ಒಂದು ಮಧ್ಯಾಹ್ನ ಹೋದಳು. ಅವನು ಅಡುಗೆಮನೆಯ ಮೇಜಿನ ಮುಂದೆ ಬಟಾಣಿ ಸುಲಿಯುತ್ತಿದ್ದ. ಅವಳು ಅವನ ಎಡಪಕ್ಕದ ಕುರ್ಚಿಯಲ್ಲಿ ಕೂತು ಮೆಲ್ಲಗೆ, “ಹೇಗಿದ್ದೀರಾ?” ಎಂದಳು.

ಅವನು ಸುಲಿಯುತ್ತಲೇ ಇದ್ದ. ತಪ್ಪು ತನ್ನದೇ, ಮಾತು ಬಿಟ್ಟಿದ್ದಾನೆ ಎಂದುಕೊಂಡು ಏಳಹೊರಟಳು. ಕುರ್ಚಿ ಅಲುಗಿದ್ದಕ್ಕೆ ಅವನು ತಿರುಗಿದ.

“ಏನಾದ್ರೂ ಅಂದ್ರಾ? ಆ ಕಿವಿ ಇನ್ನು ಕೇಳಲ್ಲ. ಈ ಕಡೆ ಬನ್ನಿ.”

ಅವಳು ಮತ್ತೆ ಕೂತಳು. “ಗೂಳಿಯ ಏಟಿಗಾ?”

“ಹೂಂ. ಸುಳ್ಳು ಯಾಕೆ ಹೇಳಲಿ? ಅದೇ ಏಟಿಗೆ.”

ಅವಳಿಗೆ ಅಳು ಉಕ್ಕಿ ಬಂತು. ಅವನು ಕೈಯಲ್ಲಿದ್ದ ಸಿಪ್ಪೆ ಕೆಳಗಿಟ್ಟ.

“ಸಿಟ್ಟು ಇದೆ ನನಗೆ. ಬೇಗ ಹೋಗಲ್ಲ ಅದು. ಆದ್ರೆ ನೀವು ಬರದೇ ಇದ್ದ ದಿನಗಳು ಇವೆಯಲ್ಲ... ಅವು ಈ ಸಿಟ್ಟಿಗಿಂತ ಕಷ್ಟ ಆದವು. ಆಟ ಬಿಟ್ಟೆ. ಮಾವನಿಗೂ ಹೇಳಿದೀನಿ.”

ಅವಳು ಎದ್ದು ಮೇಜನ್ನು ಸುತ್ತಿ ಅವನ ಬಲಕ್ಕೆ ಬಂದಳು. ಬಗ್ಗಿ, ಕೊನೆಯ ಸಾಲಿನಲ್ಲಿ ಕೂತು ಇಷ್ಟು ವರ್ಷ ನುಂಗಿಕೊಂಡಿದ್ದನ್ನು ಅವನ ಕಿವಿಯಲ್ಲಿ ಹೇಳಿದಳು. ಎರಡೇ ಮಾತು.

ಅವನು ಕಣ್ಣು ಮುಚ್ಚಿಕೊಂಡ.

“ಕೇಳಿಸ್ತಾ?” ಅವಳು ಮೆಲ್ಲಗೆ ಕೇಳಿದಳು.

“ಕೇಳಿಸ್ತು,” ಎಂದ. ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡ. “ಆದ್ರೂ... ಇನ್ನೊಂದು ಸಲ ಹೇಳು.”