ಹದಿನಾಲ್ಕು ಹೆಜ್ಜೆ

"ನಮ್ಮಪ್ಪ ಏನು ಆಟದ ಗೊಂಬೆನಾ, ಡಾಕ್ಟ್ರೇ?"

ಪಡಸಾಲೆಯ ನೆಲದ ಮೇಲೆ ಇಪ್ಪತ್ತು ಅಡಿ ಅಂತರದಲ್ಲಿ ಸೀಮೆಸುಣ್ಣದ ಎರಡು ಗೆರೆ ಎಳೆದು, ಸ್ಟಾಪ್‌ವಾಚ್ ಹಿಡಿದು ಕೂತಿದ್ದ ಗೌರೀಶಂಕರ ತಲೆ ಎತ್ತಿದ. ಶಾಲೆಯಲ್ಲಿ ಪಾಠ ಹೇಳಿ ಬಂದ ಗಂಗಾಂಬಿಕೆ ಬಾಗಿಲಲ್ಲಿ ನಿಂತಿದ್ದಳು.

ಅದು ೧೯೬೩. ಚನ್ನರಾಯಪಟ್ಟಣದಲ್ಲಿ ಮೂವತ್ತು ವರ್ಷ ಬಟ್ಟೆ ಅಂಗಡಿ ನಡೆಸಿದ ಪರಮಶಿವಯ್ಯನವರಿಗೆ ಈಗ ಮಗಳ ಹೆಸರೂ ನೆನಪಿಲ್ಲ. ಮರೆವಿನ ಕಾಯಿಲೆಯವರ ನಡಿಗೆ ಹೇಗೆ ಕೆಡುತ್ತದೆ ಎಂದು ಅಳೆಯಲು ಡಾಕ್ಟರ್ ಹಾಸನದಿಂದ ಬಂದಿದ್ದ. ಒಪ್ಪಿಗೆ ಕೊಟ್ಟವರು ಗಂಗಾಂಬಿಕೆಯ ಸೋದರತ್ತೆ ಕಮಲಾಕ್ಷಮ್ಮ.

ಅಂದು ಗೆರೆಯಿಂದ ಗೆರೆಗೆ ಅಪ್ಪ ಇಟ್ಟಿದ್ದು ಹದಿನಾಲ್ಕು ಹೆಜ್ಜೆ.

ಪ್ರತಿ ಗುರುವಾರ ಅವನು ಬಂದ. ಅಳತೆ ಮುಗಿದ ಮೇಲೆ ತಾನೇ ಬಗ್ಗಿ ಅಪ್ಪನಿಗೆ ಚಪ್ಪಲಿ ತೊಡಿಸುತ್ತಿದ್ದ. ಗಂಗಾಂಬಿಕೆ ಬಸ್ಸಿನ ಸದ್ದಿಗೆ ಕಿವಿಗೊಡತೊಡಗಿದಳು... ಯಾಕೆಂದು ತನ್ನನ್ನೇ ಕೇಳಿಕೊಳ್ಳಲಿಲ್ಲ.

ಅಷ್ಟರಲ್ಲಿ ಅಪ್ಪ ಹೇಳದೆ ಕೇಳದೆ ಬೀದಿಗೆ ಹೋಗತೊಡಗಿದರು. ಊರಿನ ವೈದ್ಯರೊಬ್ಬರು ಅಪ್ಪ ಶಾಂತವಾಗಿರಲೆಂದು ಮಾತ್ರೆ ಕೊಟ್ಟರು. ಆರು ವಾರದಲ್ಲಿ ನಡಿಗೆ ಗಿಡ್ಡವಾಗಿ, ಹದಿನಾಲ್ಕು ಹೆಜ್ಜೆ ಮೂವತ್ತೊಂದಾಯಿತು. ಕೈ ಕಾಲು ಮರದಂತೆ ಬಿಗಿದವು.

ಇದು ಮಾತ್ರೆಯಿಂದಲೇ ಇರಬೇಕು, ಕಡಿಮೆ ಮಾಡಿಸಿ ಎಂದ ಗೌರೀಶಂಕರ. ಅದೇ ದಿನ ಅವನು ಅಳತೆ ಬರೆದಿಡುವ ಪುಸ್ತಕ ಅವಳ ಕಣ್ಣಿಗೆ ಬಿತ್ತು. ಅಪ್ಪನ ಹೆಸರಿಲ್ಲ, ಬರೀ 'ರೋಗಿ ೭'. ಪ್ರಯೋಗಕ್ಕಾಗಿ ಔಷಧಿಯನ್ನೂ ಬಿಡಿಸುತ್ತಾನಾ?

"ಇನ್ನು ಬರಬೇಡಿ" ಎಂದಳು.

ಅವನು ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಮಾತ್ರೆ ಕೊಟ್ಟ ವೈದ್ಯರಿಗೆ ತೋರಿಸಿ ಎಂದಷ್ಟೇ ಹೇಳಿ ಹೋದ.

ಮೂರು ವಾರದಲ್ಲಿ ಅಪ್ಪನಿಗೆ ತುತ್ತು ಎತ್ತಲೂ ಆಗದಾಯಿತು. ಅವಳು ಹಾಳೆ ಹಿಡಿದು ಹೋದಳು. ತಾರೀಖು, ಹೆಜ್ಜೆ, ಕುರ್ಚಿಯಿಂದ ಏಳಲು ಹಿಡಿದ ಸಮಯ... ಎಲ್ಲ ನೋಡಿದ ವೈದ್ಯರು ಮಾತ್ರೆಯನ್ನು ಹಂತಹಂತವಾಗಿ ನಿಲ್ಲಿಸಿದರು.

ಎರಡು ತಿಂಗಳ ಮೇಲೆ ಗಂಗಾಂಬಿಕೆ ತಾನೇ ಗೆರೆ ಎಳೆದು ಎಣಿಸಿದಳು. ಹದಿನಾರು! ಮರೆವು ಹಾಗೇ ಇತ್ತು. ಆದರೆ ಅಪ್ಪ ತಾವೇ ತುತ್ತೆತ್ತಿ ಉಂಡರು. ಅವಳು ಹಾಸನಕ್ಕೆ ಕಾಗದ ಬರೆದಳು.

ಗುರುವಾರ ಅವನು ಬಂದ. ಕಾಯಿಲೆಯವರ ಹೆಸರು ಹೊರಗಿನವರಿಗೆ ಗೊತ್ತಾಗಬಾರದೆಂದೇ ಸಂಖ್ಯೆ ಬರೆಯುವುದು ಎಂದು ತಿಳಿಸಿದ. ಅವಳು ತಪ್ಪಾಯಿತು ಎಂದಳು. ಅವನು ಮದುವೆಯ ಮಾತೆತ್ತಿದ.

ಅವಳು ಪಡಸಾಲೆಯಲ್ಲಿ ಕೂತಿದ್ದ ಅಪ್ಪನ ಕಡೆ ನೋಡಿದಳು.

"ಅಪ್ಪನ್ನ ಬಿಟ್ಟು ನಾನು ಎಲ್ಲಿಗೂ ಬರೋಲ್ಲ ಕಣ್ರೀ."

"ಬಿಟ್ಟು ಬನ್ನಿ ಅಂದ್ನಾ? ಹಾಸನದಲ್ಲಿ ಒಂದು ಮನೆ ಹಿಡಿದಿದ್ದೀನಿ. ಮೆಟ್ಟಿಲಿಲ್ಲ. ಅವರು ಎಡವೋ ಹಂಗಿಲ್ಲ."

"ಯಾವಾಗ ಹಿಡಿದ್ರಿ?"

"ನೀವು ಬರಬೇಡಿ ಅಂದ್ರಲ್ಲ... ಆ ವಾರ."

ಅವಳ ಕಣ್ಣು ತುಂಬಿತು.

"ಭಾನುವಾರ ಬಂದು ನೋಡ್ತೀವಿ" ಎಂದಳು. "ಅಪ್ಪನೂ, ನಾನೂ."