ಶನಿವಾರದ ಡಬ್ಬಿ

ಮೆಟ್ಟಿಲ ಕೆಳಗೆ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುವ ಟೈಲರಮ್ಮ, ಕಟ್ಟಡದಲ್ಲಿ ಯಾರ ಹೆಜ್ಜೆ ಯಾವುದೆಂದು ತಲೆ ಎತ್ತದೆಯೇ ಹೇಳಿಬಿಡುತ್ತಿದ್ದಳು. ಆ ಶನಿವಾರ ಬೆಳಿಗ್ಗೆ ಇಳಿದು ಬಂದದ್ದು ಎರಡನೇ ಮಹಡಿಯ ಇಸ್ತ್ರಿಯಾಕೆ. ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವ ಹೆಂಗಸು, ಕೆಲಸಕ್ಕೆ ಒಂದು ನಿಮಿಷ ತಡಮಾಡಿದವಳಲ್ಲ. ಅಂಥವಳು ಬೀದಿಗೆ ಇಳಿಯದೆ ದೊಡ್ಡಮ್ಮನ ಬಾಗಿಲು ತಟ್ಟಿದಳು. ಟೈಲರಮ್ಮ ಕತ್ತರಿ ಕೆಳಗಿಟ್ಟು, ಯಾರೂ ಕರೆಯದಿದ್ದರೂ ಹಿಂದೆಯೇ ಹೋದಳು. ದೊಡ್ಡಮ್ಮನ ಯಾವ ಪತ್ತೇದಾರಿಕೆಯೂ ಅವಳಿಲ್ಲದೆ ನಡೆದದ್ದಿಲ್ಲ, ಇದೂ ನಡೆಯಬಾರದು ಎಂಬುದು ಅವಳ ಹಟ.

ದೊಡ್ಡಮ್ಮ ಮೂವತ್ತೊಂದು ವರ್ಷ ಒಂದು ಆಸ್ಪತ್ರೆಯ ಉಗ್ರಾಣ ನೋಡಿಕೊಂಡವರು. ಯಾವ ವಾರ್ಡಿಗೆ ಹೋದ ಸಾಬೂನು ಯಾರ ಮನೆ ಸೇರಿತೆಂದು ಮೂಸಿಯೇ ಹೇಳುತ್ತಿದ್ದರಂತೆ. ನಿವೃತ್ತಿಯಾದ ಮೇಲೆ ಕಟ್ಟಡದಲ್ಲಿ ಕಾಣೆಯಾದ ಕೊಡೆ, ಒಡೆದ ಕಿಟಕಿ, ಹೆಸರಿಲ್ಲದ ಪತ್ರ ಎಲ್ಲದರ ಪಂಚಾಯಿತಿಯೂ ಅವರ ಬಾಗಿಲಿಗೇ. ಪಿಂಚಣಿ ಎಷ್ಟು ಬರುತ್ತದೋ ಅಷ್ಟಕ್ಕೇ ಸರಿ, ತಿಂಗಳ ನಡುವಿನಿಂದ ಅವರ ಚಹಾಕ್ಕೆ ಹಾಲು ಬೀಳುತ್ತಿರಲಿಲ್ಲ.

"ಕೂತ್ಕೋ ಮಗಳೇ. ಏನು ಹೋಯ್ತು?" ಎಂದು ಕೇಳಿದರು.

"ಅಕ್ಕಿ ದೊಡ್ಡಮ್ಮ. ನಾಲ್ಕು ವಾರದಿಂದ ಶನಿವಾರದ ಡಬ್ಬಿಯಲ್ಲಿ ಅಕ್ಕಿ ಕಮ್ಮಿ. ಇವತ್ತೂ ಅಷ್ಟೇ. ಐದು ಲೋಟ ಇರಬೇಕಿತ್ತು, ಅಳೆದರೆ ಎರಡು."

ಅವಳ ಮನೆಯ ವ್ಯವಸ್ಥೆ ಟೈಲರಮ್ಮನಿಗೆ ಗೊತ್ತಿದ್ದದ್ದೇ. ಗಂಡನ ಬಲಗೈ ಕಾರ್ಖಾನೆಯ ಯಂತ್ರಕ್ಕೆ ಸಿಕ್ಕಿದಾಗಿನಿಂದ ಅವನಿಗೆ ಅರ್ಧ ಸಂಬಳ. ಅದಾದ ಮೇಲೆ ಇಸ್ತ್ರಿಯಾಕೆ ವಾರದ ಊಟವನ್ನೆಲ್ಲ ಮೊದಲೇ ಕಟ್ಟಿಡಲು ಶುರುಮಾಡಿದ್ದಳು. ಶನಿವಾರ ಸಂಜೆ ಕೂಲಿ ಕೈಗೆ ಬಂದೊಡನೆ ಸಾಮಾನು. ಭಾನುವಾರ ಬೆಳಿಗ್ಗೆ ಏಳು ಡಬ್ಬಿ ಸಾಲಾಗಿಟ್ಟು, ಒಂದೊಂದರ ಮೇಲೂ ವಾರದ ಹೆಸರು ಬರೆದು, ಅಕ್ಕಿ ಅಳೆದು ತುಂಬಿ ಬೀರುವಿಗೆ ಬೀಗ. ಬೀಗದ ಕೈ ಅವಳ ಕೊರಳಲ್ಲಿ. ದಿನಾ ಬೆಳಿಗ್ಗೆ ಆ ದಿನದ ಡಬ್ಬಿ ಒಂದನ್ನೇ ಹೊರಗಿಡುವಳು, ಸಂಜೆ ಅತ್ತೆ ಅದನ್ನು ಪೂರ್ತಿ ಪಾತ್ರೆಗೆ ಸುರಿದು ಬೇಯಿಸುವರು. ಆಳುವ ಸರ್ಕಾರಕ್ಕೂ ಇಷ್ಟು ಶಿಸ್ತಿಲ್ಲ ಎಂದು ಟೈಲರಮ್ಮ ಎಷ್ಟೋ ಸಲ ನಕ್ಕಿದ್ದುಂಟು.

ಇಸ್ತ್ರಿಯಾಕೆ ಮಡಿಸಿದ ಹಾಳೆಯೊಂದನ್ನು ತೆಗೆದು ಮುಂದಿಟ್ಟಳು. ಭಾನುವಾರ ಮೊಟ್ಟೆ, ಸೋಮವಾರ ಕೋಸು, ಮಂಗಳವಾರ ಬರೀ ಬೇಳೆ, ಹೀಗೆ ಶನಿವಾರದವರೆಗೆ. ಕೆಳಗೆ ದೊಡ್ಡ ಅಕ್ಷರದಲ್ಲಿ, ದಿನಕ್ಕೆ ಐದು ಲೋಟ ಅಕ್ಕಿ, ತಲೆಗೊಂದು.

"ಮನೇಲಿ ಯಾರ್ಯಾರು ಇದ್ದೀರಿ?"

"ಇವರು, ಅತ್ತೆ, ನಾದಿನಿ, ಎರಡು ಹೆಣ್ಣುಮಕ್ಕಳು. ಮತ್ತೆ ನಾನು."

"ಅನುಮಾನ ಯಾರ ಮೇಲೆ?"

"ನಾದಿನಿ ಮೇಲೆ. ನಾನು ಸ್ನಾನಕ್ಕೆ ಹೋದಾಗ ಒಂದಿನ ಬೀಗದ ಕೈ ಅವಳ ಕೈಯಲ್ಲಿತ್ತು. ಕೆಳಗೆ ಬಿದ್ದಿತ್ತು ಅತ್ತಿಗೆ, ಎತ್ತಿಟ್ಟೆ ಅಂದಳು. ಆಸ್ಪತ್ರೇಲಿ ನರ್ಸಿಂಗ್ ತರಬೇತಿ ಮಾಡ್ತಿದ್ದಾಳೆ, ಇನ್ನು ಎರಡು ತಿಂಗಳು ಕಳೆದರೆ ಸಂಬಳ ಬರುತ್ತೆ. ಈಗ ಇವರು ಅವಳನ್ನ ಚಿಕ್ಕಮ್ಮನ ಮನೆಗೆ ಕಳಿಸಿಬಿಡೋಣ ಅಂತಾರೆ. ಅಲ್ಲಿ ಚಿಕ್ಕಪ್ಪ ಹಾಸಿಗೆ ಹಿಡಿದು ಮೂರು ವರ್ಷ ಆಯ್ತು, ನೋಡಿಕೊಳ್ಳೋಕೆ ಪುಕ್ಕಟೆ ಒಬ್ಬರು ಬೇಕು. ಹೋದರೆ ಅವಳ ಬದುಕು ಅಲ್ಲಿಗೆ ಮುಗೀತು. ನಾಳೆ ಮಧ್ಯಾಹ್ನದ ಬಸ್ಸು."

"ನಿನಗೇನನ್ನಿಸುತ್ತೆ?"

"ಮನಸ್ಸು ಅವಳು ಕದ್ದಿಲ್ಲ ಅನ್ನುತ್ತೆ. ಡಬ್ಬಿ ನೋಡಿದರೆ ಬಾಯಿ ಕಟ್ಟಿಹೋಗುತ್ತೆ. ನಾನೇನು ಮಾಡ್ಲಿ ಹೇಳಿ."

ದೊಡ್ಡಮ್ಮ ಹಾಳೆಯಿಂದ ಕಣ್ಣು ತೆಗೆಯಲಿಲ್ಲ. "ಅಳೆಯೋದು ನೀನು. ಬೀರುವಿನಲ್ಲಿ ಇಡೋದು?"

"ಅಳೆದು ಮುಗಿಸಿ ನಾನು ಚೀಲ ಒದರೋಕೆ ಹಿಂದುಗಡೆ ಹೋಗ್ತೀನಿ. ಬರೋಷ್ಟರಲ್ಲಿ ಇವರು ಮುಚ್ಚಳ ಹಾಕಿ ಜೋಡಿಸಿರ್ತಾರೆ. ಪಾಪ, ಎಡಗೈಯಲ್ಲಿ ಅಷ್ಟಾದರೂ ಮಾಡ್ತೀನಿ ಅಂತಾರೆ. ಬೀಗ ಮಾತ್ರ ನಾನೇ ಹಾಕೋದು."

"ನೀನು ಊಟ ಮಾಡೋದು ಯಾವಾಗ?"

ಈ ಪ್ರಶ್ನೆ ಎಲ್ಲಿಂದ ಬಂತೆಂದು ಇಸ್ತ್ರಿಯಾಕೆಗೆ ತಿಳಿಯಲಿಲ್ಲ. "ನಾನಾ? ಎಲ್ಲರದೂ ಆದಮೇಲೆ. ಪಾತ್ರೇಲಿ ಉಳಿದಿದ್ದು ನಂದು. ಅದೇ ನೋಡಿ ವಿಚಿತ್ರ, ಮೊದಲು ತಳ ಕೆರೆದರೂ ಸಿಕ್ತಿರಲಿಲ್ಲ. ಒಂದು ತಿಂಗಳಿಂದ ದಿನಾ ಚೆನ್ನಾಗಿ ಉಳಿಯುತ್ತೆ. ಊಟ ಉಳಿಯೋ ಮನೇಲಿ ಅಕ್ಕಿ ಕಮ್ಮಿ ಬೀಳುತ್ತೆ ಅಂದ್ರೆ ಯಾರು ನಂಬ್ತಾರೆ?"

"ನಾನು ನಂಬ್ತೀನಿ. ನೀನು ಕೆಲಸಕ್ಕೆ ನಡಿ. ಇಲ್ಲಿಗೆ ಬಂದದ್ದು ಮನೇಲಿ ಬಾಯಿ ಬಿಡಬೇಡ."

ಅವಳು ಹೋದ ಮೇಲೆ ಟೈಲರಮ್ಮ ತಡೆಯಲಾರದೆ ಹೇಳಿದಳು, "ನಾದಿನೀನೇ ಇರಬೇಕು ದೊಡ್ಡಮ್ಮ. ಬೀಗದ ಕೈ ಹಿಡಿದವಳು ಅವಳೊಬ್ಬಳೇ."

"ನಿನ್ನ ಬುದ್ಧಿ ನಿನ್ನ ಸೂಜಿಯಷ್ಟೇ ಚೂಪು, ಕಣ್ಣೂ ಅಷ್ಟೇ ಸಣ್ಣದು," ಎಂದರು ದೊಡ್ಡಮ್ಮ. "ಅವಳ ಲಾಂಡ್ರಿ ಯೂನಿಫಾರ್ಮು ಹೊಲಿದುಕೊಡೋಳು ನೀನೇ ತಾನೆ? ಇತ್ತೀಚೆಗೆ ಏನಾದರೂ ರಿಪೇರಿಗೆ ತಂದಿದ್ದಳಾ?"

ಟೈಲರಮ್ಮ ನೆನಪು ಮಾಡಿಕೊಂಡಳು. ಚಳಿಗಾಲದಲ್ಲಿ ಎರಡು ಸಲ ಯೂನಿಫಾರ್ಮಿನ ಸೊಂಟ ಬಿಗಿ ಮಾಡಿಸಿಕೊಂಡು ಹೋಗಿದ್ದಳು, ಎರಡನೇ ಸಲ ಅಂತೂ ಎರಡು ಬೆರಳಗಲ. ಹೋದ ವಾರ ಬಂದು, ಬಿಗಿಯಾಗ್ತಿದೆ, ಒಂದು ಬೆರಳಷ್ಟು ಬಿಡು ಎಂದಿದ್ದಳು. ಲಾಂಡ್ರಿ ನೀರು ಮೈಗೆ ಹಿಡಿಸಿತೇನೇ ಎಂದು ತಾನು ರೇಗಿಸಿದ್ದೂ ಉಂಟು. ಹೇಳಿದ್ದನ್ನೆಲ್ಲ ಕೇಳಿ ದೊಡ್ಡಮ್ಮ ಹೂಂ ಎಂದರು, ಅಷ್ಟೇ.

ಮಧ್ಯಾಹ್ನ ಇಸ್ತ್ರಿಯಾಕೆಯ ಅತ್ತೆ ಎಂದಿನಂತೆ ಬಿಸಿಲು ಕಾಯಲು ಕೆಳಗಿಳಿದರು. ಕಣ್ಣು ಮಂಜು, ಗೋಡೆ ಹಿಡಿದು ಇಳಿಯುವ ಮುದುಕಿ. ದೊಡ್ಡಮ್ಮ ಪಕ್ಕದಲ್ಲಿ ಕೂತು ಮೊಣಕಾಲು ನೋವಿನಿಂದ ಮಾತು ಶುರುಮಾಡಿ ಅಡಿಗೆಮನೆಗೆ ತಂದರು.

"ನನ್ನ ಕೈಯಲ್ಲಿ ಕಸುವೇ ಇಲ್ಲ ಕಣಮ್ಮ," ಎಂದರು ಅತ್ತೆ. "ಒಂದು ತಿಂಗಳಿಂದ ಡಬ್ಬಿ ಎತ್ತಿ ಸುರಿಯೋಕೂ ಭಾರ. ಅದೇ ಡಬ್ಬಿ, ಅದೇ ಐದು ಲೋಟ. ನನಗೇ ಆಗ್ತಿಲ್ಲ."

ದೊಡ್ಡಮ್ಮ ಸಮಾಧಾನದ ಮಾತು ಹೇಳಿ ಎದ್ದರು. ಒಳಗೆ ಬಂದ ಮೇಲೆ ಟೈಲರಮ್ಮ ನೋಡುತ್ತಾಳೆ, ಅವರ ಮುಖದಲ್ಲಿ ಗೆದ್ದವರ ಕಳೆಯಿಲ್ಲ. ಗುಟ್ಟು ಸಿಕ್ಕಿದಾಗಲೆಲ್ಲ ಚಹಾ ಕಾಯಿಸುವುದು ಅವರ ಪದ್ಧತಿ. ಆ ದಿನ ಒಲೆಯ ಹತ್ತಿರವೂ ಹೋಗಲಿಲ್ಲ.

"ಗೊತ್ತಾಯ್ತಾ?" ಎಂದಳು ಟೈಲರಮ್ಮ.

"ಗೊತ್ತಾಗದೇ ಇದ್ದಿದ್ರೆ ಚೆನ್ನಾಗಿತ್ತು. ನಾಳೆ ಬೆಳಿಗ್ಗೆ ನಾದಿನೀನ, ಮಕ್ಕಳನ್ನ ನಿನ್ನ ಹತ್ತಿರ ಕೂರಿಸ್ಕೋ. ನಾನು ಕರೆಯೋವರೆಗೂ ಒಂದು ಹೆಜ್ಜೆ ಮೇಲೆ ಬಿಡಬೇಡ."

ಭಾನುವಾರ ಬೆಳಿಗ್ಗೆ ಟೈಲರಮ್ಮ ಮಕ್ಕಳ ಅಂಗಿಗೆ ಗುಂಡಿ ಹಾಕುವ ನೆಪ ಮಾಡಿ ಮೂವರನ್ನೂ ಕೂರಿಸಿಕೊಂಡಳು. ನಾದಿನಿಯೂ ಸೂಜಿ ಹಿಡಿದಳು. ಒಂದು ಗುಂಡಿ ಹೊಲಿದು, ಬಿಚ್ಚಿ, ಮತ್ತೆ ಅದನ್ನೇ ಹೊಲಿದಳು. "ಹೋಗೋವಾಗ ಕಳ್ಳಿ ಅನ್ನಿಸ್ಕೊಂಡು ಹೋಗ್ತಿದ್ದೀನಲ್ಲ ಅಕ್ಕ, ಅದೊಂದೇ," ಎಂದಳು ಕೊನೆಗೆ. ಟೈಲರಮ್ಮನಿಗೆ ಹಿಂದಿನ ದಿನ ತಾನಾಡಿದ ಮಾತು ನೆನಪಾಗಿ ನಾಚಿಕೆಯಾಯಿತು.

ಮೇಲಿನಿಂದ ಕರೆ ಬಂತು. ನಾದಿನಿ, ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿದರೆ ಇಸ್ತ್ರಿಯಾಕೆ, ಗಂಡ, ಅತ್ತೆ ಮೂವರೂ ಬೀರುವಿನ ಮುಂದೆ ನಿಂತಿದ್ದರು. ದೊಡ್ಡಮ್ಮನ ಕೈಯಲ್ಲಿ ಆಸ್ಪತ್ರೆಯ ಕಾಲದ ಕೊಕ್ಕೆ ತಕ್ಕಡಿ. ಬಾಗಿಲ ಪಕ್ಕದಲ್ಲಿ ನಾದಿನಿಯ ಚೀಲ ಸಿದ್ಧವಾಗಿತ್ತು, ಅವಳು ಅದರ ಹತ್ತಿರವೇ ನಿಂತಳು.

"ಬೀಗ ಹಾಕಿ ಎಷ್ಟು ಹೊತ್ತಾಯ್ತು?"

"ಈಗಷ್ಟೇ ದೊಡ್ಡಮ್ಮ. ಹತ್ತು ನಿಮಿಷನೂ ಆಗಿಲ್ಲ."

"ತೆಗಿ. ಶನಿವಾರದ ಡಬ್ಬಿ ಕೊಡು."

ಇಸ್ತ್ರಿಯಾಕೆ ಡಬ್ಬಿ ಎತ್ತಿದಳು, ಎತ್ತಿದ ಕೈ ಅಲ್ಲೇ ನಿಂತಿತು. ತೂಗಬೇಕಾದ್ದೇ ಇರಲಿಲ್ಲ, ಆದರೂ ದೊಡ್ಡಮ್ಮ ತೂಗಿದರು. ಎರಡು ಲೋಟದ ತೂಕ. ಉಳಿದ ಆರನ್ನೂ ತೂಗಿದರು. ಒಂದೊಂದರಲ್ಲೂ ಅರ್ಧ ಲೋಟ ಹೆಚ್ಚು.

"ನಾನು ಐದು ಐದೇ ಅಳೆದದ್ದು," ಎಂದಳು ಇಸ್ತ್ರಿಯಾಕೆ, ಮೆಲ್ಲಗೆ.

"ನೀನು ಸರಿಯಾಗೇ ಅಳೆದೆ. ವಾರವಿಡೀ ಬೀಗ ಕಾದಿದ್ದೇ ದಂಡ, ಯಾಕಂದ್ರೆ ಕಳ್ಳತನ ಬೀಗ ಹಾಕೋ ಮೊದಲೇ ಆಗಿರ್ತಿತ್ತು. ನಾದಿನಿ ಇಷ್ಟೊತ್ತೂ ಕೆಳಗಿದ್ದಳು, ಟೈಲರಮ್ಮನ ಕಣ್ಣೆದುರು. ನಿಮ್ಮ ಅತ್ತೆಗೆ ಡಬ್ಬಿ ಮೇಲಿನ ಹೆಸರು ಕಾಣಲ್ಲ. ನೀನು ಚೀಲ ಒದರೋಕೆ ಹೋದಾಗ ಇಲ್ಲಿದ್ದವರು ಇನ್ಯಾರು?"

ಎಲ್ಲರ ಕಣ್ಣೂ ಗಂಡನ ಕಡೆ ಹೊರಳಿದವು. ಅವನು ಕಟ್ಟು ಹಾಕಿದ ಕೈಯನ್ನೇ ನೋಡುತ್ತ ನಿಂತಿದ್ದ.

"ನನಗೆ ಮೊದಲು ಸಿಕ್ಕಿದ್ದು ಆ ಉಳಿದ ಊಟ," ಎಂದರು ದೊಡ್ಡಮ್ಮ. "ಕದ್ದ ಅಕ್ಕಿ ಮನೆಯಿಂದ ಹೊರಗೆ ಹೋದರೆ ಪಾತ್ರೆ ಬರಿದಾಗಬೇಕು, ತುಂಬಬಾರದು. ಅತ್ತೆಗೆ ಡಬ್ಬಿ ಭಾರ ಅನ್ನಿಸಿದ್ದು ಕೈ ಸೋತು ಅಲ್ಲ, ನಿಜವಾಗ್ಲೂ ಭಾರ ಇತ್ತು. ಶನಿವಾರದಿಂದ ಮೂರು ಲೋಟ ತೆಗೆದು ಆರು ದಿನಕ್ಕೆ ಅರ್ಧರ್ಧ ಹಂಚಿದ್ದಾನೆ. ಶನಿವಾರ ಯಾಕೆ? ಸಂಜೆ ಕೂಲಿ ಬರುತ್ತೆ, ಹಸಿವು ಒಂದು ದಿನದ್ದು. ಆ ಅರ್ಧ ಲೋಟ ಯಾರ ಹೊಟ್ಟೆಗೆ ಹೋಯ್ತು ಅನ್ನೋದನ್ನ ಟೈಲರಮ್ಮನ ಟೇಪು ಹೇಳ್ತು. ಒಂದು ತಿಂಗಳಿಂದ ಈ ಮನೇಲಿ ಮೈ ತುಂಬಿಕೊಂಡವಳು ನೀನೊಬ್ಬಳೇ ಮಗಳೇ."

"ನಾನಾ?"

"ನಿನ್ನ ಹಾಳೆ ಓದು. ತಲೆಗೊಂದು ಲೋಟ, ಐದು ಲೋಟ. ಈಗ ತಲೆ ಎಣಿಸು."

ಇಸ್ತ್ರಿಯಾಕೆ ಎಣಿಸಿದಳು. ಗಂಡ, ಅತ್ತೆ, ನಾದಿನಿ, ಇಬ್ಬರು ಮಕ್ಕಳು. ಬೆರಳು ಅಲ್ಲಿಗೇ ನಿಂತಿತು. ಅವಳಿಗೆ ನಿಜಕ್ಕೂ ಗೊತ್ತೇ ಇರಲಿಲ್ಲ. ವಾರದ ಲೆಕ್ಕ ಹಾಕುವಾಗಲೆಲ್ಲ ಬಡಿಸುವ ಕೈಯನ್ನು ಬಿಟ್ಟು ಎಣಿಸಿದ್ದಳು, ಬೇಕೆಂದು ಬಿಟ್ಟದ್ದಲ್ಲ, ನೆನಪಾಗಿರಲಿಲ್ಲ.

ಗಂಡ ಆಗ ಮಾತಾಡಿದ. "ಒಂದಿನ ಒಳಗೆ ಬಂದೆ. ಖಾಲಿ ಪಾತ್ರೆಗೆ ನೀರು ಹಾಕಿ ಅಲುಗಿಸಿ ಕುಡೀತಿದ್ದಳು. ಹೇಳಿದರೆ ಕೇಳೋಳಲ್ಲ, ಹೆಚ್ಚಿಗೆ ಇದೆ ಅಂತ ಗೊತ್ತಾದರೆ ಮಕ್ಕಳ ತಟ್ಟೆಗೆ ಹಾಕ್ತಾಳೆ. ಕೈ ಹೀಗಾದ ಮೇಲೆ ನನ್ನ ಕೈಲಿ ಇನ್ನೇನು ತಾನೇ ಆಗ್ತಿತ್ತು?"

"ಅಷ್ಟಕ್ಕೆ ನಿಲ್ಲಿಸಿದ್ರೆ ನಾನು ಮೆಟ್ಟಿಲು ಹತ್ತಿ ಬರ್ತಿರಲಿಲ್ಲ," ಎಂದರು ದೊಡ್ಡಮ್ಮ. "ತಂಗೀನ ಕಳಿಸೋ ಮಾತು ಎತ್ತಿದ್ದು ನೀನು."

ಅವನು ಡಬ್ಬಿಗಳ ಕಡೆ ನೋಡಿದ. "ಆರು ಜನಕ್ಕೆ ಐದು ಲೋಟ," ಎಂದ. "ಎಷ್ಟು ಸಲ ಹಂಚಿದರೂ ಒಬ್ಬರಿಗೆ ಕಮ್ಮಿ. ಅನುಮಾನ ತಾನಾಗೇ ತಂಗಿ ಮೇಲೆ ಹೋಯ್ತು. ನಾನು ಬಾಯಿ ಬಿಡಲಿಲ್ಲ. ಚಿಕ್ಕಮ್ಮನ ಮನೇಲಿ ಊಟಕ್ಕಂತೂ ತೊಂದರೆ ಇಲ್ಲ ಅಂದ್ಕೊಂಡೆ."

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಮಕ್ಕಳಿಗೆ ಏನೂ ಅರ್ಥವಾಗದೆ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದರು. ಇಸ್ತ್ರಿಯಾಕೆ ನೆಲದ ಮೇಲೆ ಬಟ್ಟೆ ಹಾಸಿ ಏಳು ಡಬ್ಬಿಯ ಅಕ್ಕಿಯನ್ನೂ ಸುರಿದಳು. ಮೂವತ್ತೈದು ಲೋಟ. ದಿನಕ್ಕೆ ಆರರಂತೆ ಅಳೆಯುತ್ತ ಹೋದಳು. ಶುಕ್ರವಾರದ ಡಬ್ಬಿ ತುಂಬುವ ಮೊದಲೇ ಬಟ್ಟೆ ಬರಿದಾಯಿತು. ಮತ್ತೆ ಸುರಿದು, ಲೋಟದ ಬಾಯಿಯನ್ನು ಬೆರಳಿಂದ ಸಮ ಮಾಡಿ ಮಾಡಿ ಅಳೆದಳು. ಮತ್ತೆ ಶುಕ್ರವಾರಕ್ಕೇ ಮುಗಿಯಿತು. ಮೂರನೇ ಸಲ ಸುರಿಯಲು ಹೋದಾಗ ದೊಡ್ಡಮ್ಮ ಅವಳ ಕೈ ಹಿಡಿದುಕೊಂಡರು.

"ನೀವೇ ಹೇಳಿ ದೊಡ್ಡಮ್ಮ. ನಿಮಗೆ ಎಲ್ಲಾ ಗೊತ್ತಾಗುತ್ತಲ್ಲ. ಇದನ್ನ ಹೇಗೆ ಹಂಚಲಿ?"

ಟೈಲರಮ್ಮ ದೊಡ್ಡಮ್ಮನ ಮುಖ ನೋಡಿದಳು. "ಯಾರು ತೆಗೆದರು ಅನ್ನೋದಷ್ಟೇ ನನಗೆ ಬರೋ ವಿದ್ಯೆ," ಎಂದರು ಅವರು. "ಇಲ್ಲದ್ದನ್ನ ತರೋದು ನನಗೆ ಬರಲ್ಲಮ್ಮ."

ನಾದಿನಿ ಇನ್ನೂ ಬಾಗಿಲಲ್ಲೇ ಇದ್ದಳು. ಅಳಲಿಲ್ಲ. "ಅಣ್ಣ, ಒಂದು ಮಾತು ಕೇಳಿದ್ದಿದ್ರೆ ನಾನೇ ಹೋಗ್ತಿದ್ದೆ," ಎಂದಳು. "ಅತ್ತಿಗೆಗೋಸ್ಕರ ಅಂತ ಹೇಳಿದ್ದಿದ್ರೆ ಸಾಕಿತ್ತು."

"ಹೋಗಬೇಡ ಕಣೇ," ಎಂದ ಅವನು. "ತಪ್ಪಾಯ್ತು. ಇಲ್ಲೇ ಇರು."

"ಇರ್ತೀನಿ. ಎರಡು ತಿಂಗಳು ನನಗೂ ಬೇರೆ ದಾರಿ ಇಲ್ಲ." ಅವಳು ಚೀಲ ಎತ್ತಿಕೊಂಡು ಒಳಗೆ ನಡೆದಳು, ಅವನ ಎದುರಿಗೆ ಬಂದಾಗ ಒಂದು ಕ್ಷಣ ನಿಂತಳು. "ಆದ್ರೆ ಇವತ್ತಿಂದ ನನ್ನ ಪಾಲು ಎಷ್ಟು ಅಂತ ನೀನು ಲೆಕ್ಕ ಹಾಕಬೇಡ."