ಮುಟ್ಟಬಾರದ ಅಲಾರಂ

ಹೆಬ್ಬಾಳದ ಹತ್ತಿರ ಏಳುತ್ತಿರುವ ಒಂದು ದೊಡ್ಡ ಅಪಾರ್ಟ್‌ಮೆಂಟಿನ ಕಂಬದೊಳಗೆ ಸಂಯುಕ್ತಾಳ ವಾಚು ಇದೆ. ಸೈಟ್ ಎಂಜಿನಿಯರ್ ಆಗಿ ಕೆಲಸಕ್ಕೆ ಸೇರಿದಾಗ ದೊಡ್ಡಮ್ಮ ಕೊಟ್ಟ, ಚಿನ್ನದ ಬಣ್ಣದ ಸಣ್ಣ ವಾಚು. ಕಾಂಕ್ರೀಟ್ ಸುರಿಯುವಾಗ ಬಗ್ಗಿ ನೋಡಿದ್ದೇ ತಪ್ಪಾಯಿತು, ಕೊಂಡಿ ಕಳಚಿ ಒಳಗೆ ಜಾರಿತು. ಒಂದು ವಾಚಿಗೋಸ್ಕರ ಕಂಬ ಒಡೆಯುವುದಕ್ಕಾಗುತ್ತದೆಯೇ? ಅದು ಅಲ್ಲೇ ಉಳಿಯಿತು.

ಅಂದು ಸಂಜೆಯೇ ಯಶವಂತಪುರದ ಮಾರ್ಕೆಟ್ಟಿನಲ್ಲಿ ಕಪ್ಪು ರಬ್ಬರ್ ಪಟ್ಟಿಯ ದಪ್ಪ ಡಿಜಿಟಲ್ ವಾಚೊಂದನ್ನು ಕೊಂಡಳು. ಕಡಿಮೆ ಬೆಲೆಯದು, ಆದರೆ ಎತ್ತಿ ಬಿಸಾಡಿದರೂ ಏನೂ ಆಗದ ಜಾತಿ. ಸಿಮೆಂಟು ಮೆತ್ತಿದರೆ ನಲ್ಲಿಯಡಿ ಹಿಡಿದರಾಯಿತು. ಕೈಗೆ ಕಟ್ಟಿಕೊಂಡದ್ದನ್ನು ಮರೆತು ಕೆಲಸ ಮಾಡುವುದರಲ್ಲಿ ಅಷ್ಟು ನೆಮ್ಮದಿ ಇದೆಯೆಂದು ಅವಳಿಗೆ ಅದುವರೆಗೆ ಗೊತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಹಸಿರು ಪಟ್ಟಿಯದೊಂದು ಬಂತು. ಆಮೇಲೆ ಕತ್ತಲಲ್ಲಿ ಮುಳ್ಳು ಹೊಳೆಯುವಂಥದ್ದು. ಆಮೇಲೆ, ಬಿಡಿ, ಹುಚ್ಚು ಹಿಡಿದವರಿಗೆ ನೆಪ ಬೇಕಾಗುವುದಿಲ್ಲ. ಅಡುಗೆಮನೆಯ ಸ್ಟೀಲ್ ಡಬ್ಬಿಯೊಂದು ಸಾಸಿವೆ ಜೀರಿಗೆಗಳನ್ನು ಬಿಟ್ಟು ವಾಚುಗಳ ಪಾಲಾದ ದಿನ ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಇರೋದು ಎರಡೇ ಕೈ ಕಣೇ. ಇಷ್ಟನ್ನೂ ಎಲ್ಲಿಗೆ ಕಟ್ಕೋತೀಯ, ಕಾಲಿಗಾ?”

ಇದೇ ಹುಚ್ಚಿನವರು ಊರಿನಲ್ಲಿ ಇನ್ನೂ ಇದ್ದಾರೆಂದು ಗೊತ್ತಾದದ್ದು ಜೀಷಾನ್‌ನಿಂದ. ಆರ್.ಟಿ. ನಗರದಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಜೀಷಾನ್ ಪ್ರತಿ ಭಾನುವಾರ ಬೆಳಗ್ಗೆ ಸಹಕಾರನಗರದ ಪಾರ್ಕಿನಲ್ಲಿ ಗಟ್ಟಿ ವಾಚುಗಳ ಮೋಹವಿರುವವರನ್ನು ಸೇರಿಸುತ್ತಿದ್ದ. ಕಲ್ಲುಬೆಂಚಿನ ಮೇಲೆ ಟವೆಲ್ ಹಾಸಿ ಎಲ್ಲರೂ ತಮ್ಮತಮ್ಮ ವಾಚು ಬಿಚ್ಚಿ ಇಡುವುದು, ನೋಡುವುದು, ಹೊಟ್ಟೆ ಉರಿದುಕೊಳ್ಳುವುದು, ಆಮೇಲೆ ಚೀಟಿ ಎತ್ತುವುದು. ಚೀಟಿಯಲ್ಲಿ ಯಾರ ಹೆಸರು ಬಂತೋ ಅವರ ವಾಚು ಮುಂದಿನ ಭಾನುವಾರದವರೆಗೆ ನಿಮ್ಮ ಕೈಯಲ್ಲಿ. ಗುಂಪಿಗೆ ಹೊಸದಾಗಿ ಬಂದವರು ಮೊದಲು ಎತ್ತಬೇಕು. ಕಟ್ಟುನಿಟ್ಟಾದ ನಿಯಮವೆಂದರೆ ಒಂದೇ: ಇನ್ನೊಬ್ಬರ ವಾಚಿನಲ್ಲಿ ಏನನ್ನೂ ಬದಲಾಯಿಸಬಾರದು. ಟೈಮು ಮುಂದಿದ್ದರೆ ಮುಂದೆ, ಹಿಂದಿದ್ದರೆ ಹಿಂದೆ.

ಆ ಭಾನುವಾರ ಹೊಸಬನಾಗಿ ಬಂದವನು ಗಿರಿ. ಕೊಡಿಗೇಹಳ್ಳಿಯ ಹಳಬರ ಮನೆಯ ಹುಡುಗ, ಯಲಹಂಕದ ಈಜುಕೊಳದಲ್ಲಿ ಕೋಚ್. ಬಿಸಿಲಿಗೆ ಕಂದಿದ ಮುಖ, ಒದ್ದೆ ಒಣಗದ ಕೂದಲು. ಮಣಿಕಟ್ಟಿನಲ್ಲಿ ವಾಚು ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಸಂಯುಕ್ತಾ ಯಾಕೋ ಆ ಬಿಳಿ ಗುರುತನ್ನು ಅಗತ್ಯಕ್ಕಿಂತ ಸ್ವಲ್ಪ ಹೆಚ್ಚೇ ನೋಡಿದಳು. ತಲೆಯೆತ್ತಿದರೆ ಅವನೂ ಅವಳನ್ನು ನೋಡುತ್ತಿದ್ದ. ಇಬ್ಬರೂ ಗಡಿಬಿಡಿಯಿಂದ ಟವೆಲ್ ಕಡೆ ತಿರುಗಿದರು.

ಅವನು ಎತ್ತಿದ ಚೀಟಿಯಲ್ಲಿ ಸಂಯುಕ್ತಾಳ ಹೆಸರಿತ್ತು. ಅವಳಿಗೆ ಬಂದದ್ದು ನಿವೃತ್ತ ಮೇಷ್ಟ್ರು ವಿಜಯ್ ಕುಮಾರ್ ಅವರ, ದಿನಾ ಕೀ ಕೊಡಬೇಕಾದ ವಾಚು. ಕಪ್ಪು ವಾಚನ್ನು ಗಿರಿಯ ಕೈಗಿಟ್ಟಾಗ ಅವಳಿಗೆ ಒಂದು ವಿಷಯ ಮರೆತೇ ಹೋಗಿತ್ತು. ಅದರ ತುಂಬ ಅವಳ ಅಲಾರಂಗಳಿದ್ದವು.

ಸೋಮವಾರ ಬೆಳಕು ಹರಿಯುವ ಮೊದಲೇ ಫೋನು ಬಡಿದುಕೊಂಡಿತು.

“ಮೇಡಂ, ನಾನು ಗಿರಿ. ಗ್ರೂಪಲ್ಲಿ ನಿಮ್ಮ ನಂಬರ್ ಸಿಕ್ತು. ನಿಮ್ಮ ವಾಚ್ ಕೂಗ್ತು.”

“ಅಯ್ಯೋ! ಸಾರಿ ಕಣ್ರೀ. ಆಫ್ ಮಾಡ್ಬಿಡಿ.”

“ಅದೆಂಗಾಗುತ್ತೆ? ಮುಟ್ಟಬಾರದು ಅಂತ ರೂಲ್ ಇದೆಯಲ್ಲ.”

“ನಾನೇ ಹೇಳ್ತಿದೀನಲ್ಲ, ಪರ್ವಾಗಿಲ್ಲ. ಇಲ್ಲಾಂದ್ರೆ ಕೂಗಿದ್ರೂ ಸುಮ್ನೆ ಬಿಟ್ಬಿಡಿ.”

“ಹೆಂಗ್ ಬಿಡೋದು? ಅದು ಕೂಗಿದ್ದು ನಿಮ್ಮನ್ನ ಎಬ್ಬಿಸೋಕೆ. ನನಗೆ ಕೇಳಿಸ್ತು, ನಿಮಗೆ ತಲುಪಿಸ್ತಾ ಇದೀನಿ ಅಷ್ಟೇ. ಎದ್ರಾ?”

ಬೇರೆ ಯಾರೇ ಆಗಿದ್ದರೂ ಗುಂಡಿಯೊತ್ತಿ ಮಲಗಿಬಿಡುತ್ತಿದ್ದರು. ವಾಚಿನ ಹುಚ್ಚಿನವರಿಗೆ ಮಾತ್ರ ಇಂಥ ನಿಯತ್ತು ಇರುತ್ತದೆ. ಸಂಯುಕ್ತಾ ದಿಂಬಿಗೆ ಮುಖವೊತ್ತಿ ನಕ್ಕಳು.

“ಎದ್ದೆ” ಅಂದಳು.

ಬಿಸಿಲೇರಿದ ಮೇಲೆ ಇನ್ನೊಂದು ಕರೆ. ಹಿನ್ನೆಲೆಯಲ್ಲಿ ನೀರಿನ ಸದ್ದು, ಮಕ್ಕಳ ಕಿರುಚಾಟ.

“ಕೂಗ್ತು. ಇದು ಯಾತಕ್ಕೆ?”

“ಕ್ಯೂರಿಂಗ್‌ಗೆ. ಹೊಸ ಕಾಂಕ್ರೀಟಿಗೆ ನೀರು ಹಾಕಿಸ್ಬೇಕು, ಇಲ್ಲಾಂದ್ರೆ ಬಿರುಕು ಬಿಡುತ್ತೆ.”

“ನಾನೂ ಅದೇ ಕೆಲಸ ಮಾಡ್ತಾ ಇದೀನಿ. ಮಕ್ಕಳನ್ನ ನೀರಲ್ಲಿ ನೆನೆಹಾಕಿದೀನಿ.”

ಮಧ್ಯಾಹ್ನ ಮತ್ತೆ. ಅದು ಊಟದ್ದು. ಕೆಲಸದ ಗಡಿಬಿಡಿಯಲ್ಲಿ ಉಣ್ಣುವುದನ್ನೇ ಮರೆಯುತ್ತಾಳೆಂದು ಅವಳೇ ಇಟ್ಟುಕೊಂಡದ್ದು. “ಡಬ್ಬಿಯಲ್ಲಿ ಏನಿದೆ?” ಎಂದು ಅವನು ಕೇಳಿದ. ಅವರೇಕಾಳು ಸಾರು, ಮುದ್ದೆ ಎಂದು ಅವಳು ಹೇಳಿದಳು. ಅವನು ಆ ಕಡೆಯಿಂದ ದೊಡ್ಡದಾಗಿ ನಿಟ್ಟುಸಿರು ಬಿಟ್ಟ. ತನ್ನ ಡಬ್ಬಿಯಲ್ಲಿ ಚಿತ್ರಾನ್ನ, ಅದೂ ನಿನ್ನೆಯದು ಎಂದ.

ವಾಚಿನಲ್ಲಿದ್ದ ಅಲಾರಂಗಳು ಅಲ್ಲಿಗೆ ಮುಗಿದವು.

ಸಂಜೆ ಸಂಯುಕ್ತಾ ಕಟ್ಟಡದ ಮೇಲಿನ ಸ್ಲ್ಯಾಬಿನ ಮೇಲೆ ನಿಂತಿದ್ದಳು. ಹೆಬ್ಬಾಳದ ಕೆರೆಯ ನೀರು ಕೆಂಪಾಗುತ್ತಿತ್ತು. ಕೆಳಗೆ ಫ್ಲೈಓವರಿನ ಮೇಲೆ ಗಾಡಿಗಳು ಕದಲದೆ ನಿಂತಿದ್ದವು, ಅಷ್ಟು ಎತ್ತರಕ್ಕೆ ಹಾರ್ನಿನ ಸದ್ದೂ ಮೆತ್ತಗೆ ಕೇಳುತ್ತಿತ್ತು. ಫೋನು ಬಂತು.

“ಮೇಡಂ, ಈಗ್ಲೂ ಕೂಗ್ತು.”

ಸಂಜೆಗೆ ಅವಳು ಅಲಾರಂ ಇಟ್ಟಿರಲೇ ಇಲ್ಲ. ಅವನು ಸುಳ್ಳು ಹೇಳುತ್ತಿದ್ದ. ಅದು ಗೊತ್ತಾದ ಕ್ಷಣದಲ್ಲಿ ಅವಳ ಎದೆಯೊಳಗೆ ಏನೋ ಮೆಲ್ಲಗೆ ಸಡಿಲವಾಯಿತು. ಹೆಲ್ಮೆಟ್ ತೆಗೆದು ಸಿಮೆಂಟ್ ಮೂಟೆಯ ಮೇಲೆ ಕೂತಳು.

“ಹೌದಾ? ಕೂಗ್ಲೇಬೇಕು ಬಿಡಿ.”

“ಇದು ಯಾತಕ್ಕೆ ಇಟ್ಟಿದ್ರಿ?”

“ಇದಾ…” ಅವಳು ಸುತ್ತ ನೋಡಿದಳು. “ಸೂರ್ಯ ಮುಳುಗೋದು ನೋಡೋಕೆ.”

“ಹಂಗಾದ್ರೆ ನೋಡೋಣ” ಅಂದ ಗಿರಿ.

ಆ ವಾರವಿಡೀ ಇಲ್ಲದ ಅಲಾರಂ ತಪ್ಪದೆ ಕೂಗಿತು. ಅವನು ಯಲಹಂಕದಲ್ಲಿ, ಮಕ್ಕಳೆಲ್ಲ ಹೋದ ಮೇಲೆ ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ನೀರಿನಲ್ಲಿ ಕಾಣುತ್ತಿದ್ದ ಆಕಾಶವನ್ನು ವರ್ಣಿಸುತ್ತಿದ್ದ. ಅವಳು ಮೇಲಿನಿಂದ ಕೆರೆಯ ಹಕ್ಕಿಗಳ ಸುದ್ದಿ ಹೇಳುತ್ತಿದ್ದಳು. ಹೇಳುವುದಕ್ಕೇನೂ ಇಲ್ಲದ ಹೊತ್ತಿನಲ್ಲಿ ಇಬ್ಬರೂ ಸುಮ್ಮನಿರುತ್ತಿದ್ದರು, ಆದರೆ ಯಾರೂ ಫೋನು ಇಡುತ್ತಿರಲಿಲ್ಲ. ಒಂದೇ ಸೂರ್ಯ, ಎರಡು ಕಡೆಯಿಂದ ನೋಡಿದರೆ ಮುಳುಗುವುದಕ್ಕೆ ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು.

ಭಾನುವಾರ ವಾಚು ವಾಪಸು ಬಂತು. ಅವನ ಕೈಯ ಬಿಸಿ ಪಟ್ಟಿಯಲ್ಲಿನ್ನೂ ಇತ್ತು. ಹೊಸ ಚೀಟಿಯಲ್ಲಿ ಗಿರಿಗೆ ಜೀಷಾನ್‌ನ ವಾಚು ಬಂತು, ಅವಳದು ಬ್ಯಾಂಕಿನ ದಿವ್ಯಾಳ ಪಾಲಾಯಿತು. ದಿವ್ಯಾ ಮಾತ್ರ ಸೋಮವಾರ ನಸುಕಿನಲ್ಲೇ ಮೆಸೇಜು ಹಾಕಿ, ಅನುಮತಿ ಕೇಳಿ, ಅಲಾರಂಗಳನ್ನೆಲ್ಲ ಆಫ್ ಮಾಡಿಕೊಂಡಳು.

ಫೋನು ಸುಮ್ಮನಾಯಿತು. ಯಾವ ನೆಪವೂ ಇಲ್ಲದೆ ಫೋನು ಮಾಡುವಷ್ಟು ಸಲಿಗೆ ಇಬ್ಬರಿಗೂ ಇನ್ನೂ ಬಂದಿರಲಿಲ್ಲ. ಸ್ಲ್ಯಾಬಿನ ಮೇಲೆ ಸಂಯುಕ್ತಾ ಒಬ್ಬಳೇ ಕೂತಳು. ಸೂರ್ಯ ಬೇಗ ಬೇಗನೆ ಮುಳುಗಿ ಮನೆಗೆ ಹೋದ. ಅವಳಿಗೆ ಗಿರಿ ಬೇಕಾಗಿತ್ತು, ಅವನ ದನಿ ಬೇಕಾಗಿತ್ತು. ಅದನ್ನು ತನಗೆ ತಾನೇ ಒಪ್ಪಿಕೊಂಡಾಗ ಹೆದರಿಕೆಯಾಯಿತು.

ಶುಕ್ರವಾರ ಗ್ರೂಪಿನಲ್ಲಿ ಗಿರಿಯ ಮೆಸೇಜು ಬಂತು. “ಭಾನುವಾರ ಬೇಗ ಮುಗಿಸಿ ಗುರು. ಮಧ್ಯಾಹ್ನ ಅಮ್ಮ ದೊಡ್ಡಬಳ್ಳಾಪುರಕ್ಕೆ ಹೆಣ್ಣು ನೋಡೋಕೆ ಕರ್ಕೊಂಡು ಹೋಗ್ತಾರಂತೆ.”

ಜೀಷಾನ್ ಲಾಡುವಿನ ಚಿತ್ರ ಹಾಕಿದ. ಮೇಷ್ಟ್ರು ಆಶೀರ್ವಾದ ಹಾಕಿದರು. ಸಂಯುಕ್ತಾಳ ಬೆರಳು ಏನು ಮಾಡಬೇಕೆಂದು ತಿಳಿಯದೆ ಒಂದು ಥಂಬ್ಸ್ ಅಪ್ ಒತ್ತಿತು. ಒತ್ತಿದ ಮೇಲೆ ಅವಳು ಆ ಹೆಬ್ಬೆಟ್ಟನ್ನು ನೋಡುತ್ತಾ ಕೂತಳು. ಅಳು ಬಂತು.

ಅಳು ನಿಂತ ಮೇಲೆ ಉಪಾಯ ಹೊಳೆಯಿತು. ಪ್ರೀತಿಯಲ್ಲಿ ಬಿದ್ದ ಎಂಜಿನಿಯರುಗಳ ಉಪಾಯಗಳನ್ನು ಯಾರೂ ನಂಬಬಾರದು. ಆ ವಾರ ಚೀಟಿ ಬರೆದು ತರುವ ಸರದಿ ಅವಳದೇ ಆಗಿತ್ತು. ಇದ್ದ ಚೀಟಿಗಳಲ್ಲೆಲ್ಲ ಸಂಯುಕ್ತಾ ಎಂದೇ ಬರೆದಳು. ಸರಿಯಾದ ಹೆಸರುಗಳ ಇನ್ನೊಂದು ಕಟ್ಟು ಜೇಬಿನಲ್ಲಿ. ಗುಂಪಿಗೆ ಕೊನೆಯಲ್ಲಿ ಬಂದವನು ಗಿರಿಯೇ ಆದ್ದರಿಂದ ಮೊದಲು ಎತ್ತುವವನು ಅವನೇ. ಅವನು ಎತ್ತಿದ ಕೂಡಲೇ ಕೈ ತಾಗಿಸಿ ಚೀಟಿಗಳ ಡಬ್ಬಿ ಬೀಳಿಸುವುದು, ಬಗ್ಗಿ ಆರಿಸುವ ನೆಪದಲ್ಲಿ ಚೀಟಿ ಬದಲಾಯಿಸುವುದು. ಇನ್ನೊಂದು ವಾರ ಅವಳ ವಾಚು ಅವನ ಕೈಯಲ್ಲಿ ಕೂಗಿದರೆ ಹೇಳಬೇಕಾದ್ದನ್ನು ಹೇಗೋ ಹೇಳಿಬಿಡುತ್ತಾಳೆ. ದೊಡ್ಡಬಳ್ಳಾಪುರದ ಹುಡುಗಿ ಅವನಿಗೆ ಒಪ್ಪಿಗೆಯಾಗುವುದರೊಳಗೆ.

ಆದರೆ ಆ ಭಾನುವಾರ ಜೀಷಾನ್ ಜೊತೆಗೆ ಅವನ ತಂಗಿ ಲೈಬಾ ಬಂದಿದ್ದಳು.

“ನಮ್ ಲೈಬಾ. ಕಾಲೇಜಲ್ಲಿ ಓದ್ತಾಳೆ, ಇವಳಿಗೂ ವಾಚ್ ರೋಗ ಅಂಟ್ಕೊಂಡಿದೆ. ಹೊಸಬಳು, ಫಸ್ಟ್ ಇವಳೇ ಎತ್ತಲಿ.”

ಸಂಯುಕ್ತಾ ಬಾಯಿ ತೆರೆಯುವಷ್ಟರಲ್ಲಿ ಲೈಬಾ ಚೀಟಿ ಬಿಡಿಸಿದ್ದಳು. “ಸಂಯುಕ್ತಾ!” ಎಂದು ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಡಬ್ಬಿ ಗಿರಿಯ ಕಡೆ ಹೋಯಿತು. ಸಂಯುಕ್ತಾ ಕೈ ಚಾಚಿದಳು, ಡಬ್ಬಿ ತಾಗಲಿಲ್ಲ, ಮೇಷ್ಟ್ರ ಕಾಫಿ ಲೋಟ ಉರುಳಿತು.

ಗಿರಿ ಚೀಟಿ ಬಿಡಿಸಿ ನೋಡಿದ. ಮತ್ತೆ ನೋಡಿದ. “ಸಂಯುಕ್ತಾ” ಎಂದು ಮೆಲ್ಲಗೆ ಓದಿದ.

“ಇದೇನು ಮಗಾ, ಎರಡು ಸಲ?” ಜೀಷಾನ್ ಡಬ್ಬಿಯನ್ನು ಟವೆಲಿನ ಮೇಲೆ ಬೋರಲು ಹಾಕಿದ. ದಿವ್ಯಾ ಒಂದೊಂದೇ ಬಿಡಿಸಿದಳು. ಎಲ್ಲದರಲ್ಲೂ ಅದೇ ಹೆಸರು, ಅದೇ ದುಂಡು ಅಕ್ಷರ. ಯಾರೋ ಕಿಸಕ್ಕನೆ ನಕ್ಕರು. ಕಾಫಿ ಒರೆಸಿಕೊಳ್ಳುತ್ತಿದ್ದ ಮೇಷ್ಟ್ರು, “ಎಲ್ಲರಿಗೂ ಒಂದೇ ವಾಚು ಕೊಟ್ಟರೆ ಹೇಗಮ್ಮಾ?” ಎಂದರು. ಪಾಪ, ಅವರಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ.

ಸಂಯುಕ್ತಾಳ ಕಿವಿಯವರೆಗೆ ಬಿಸಿಯೇರಿತು. ಬ್ಯಾಗು ಎತ್ತಿಕೊಂಡು ಗೇಟಿನ ಕಡೆ ನಡೆದಳು. ಓಡಿದರೆ ಇನ್ನೂ ಅವಮಾನ ಎಂದು ನಡೆದಳು, ಆದರೆ ಅದು ಓಟವೇ ಆಗಿತ್ತು. ಗೇಟಿನ ಹೊರಗೆ ಎಳನೀರು ಗಾಡಿಯ ಹತ್ತಿರ ಗಿರಿ ಓಡಿಬಂದು ಅವಳನ್ನು ಸೇರಿಕೊಂಡ.

“ನಿಲ್ರೀ. ಹಂಗ್ಯಾಕೆ ಬರೆದ್ರಿ?”

“ತಮಾಷೆಗೆ.”

“ನನ್ನ ಮುಖ ನೋಡಿ ಹೇಳಿ.”

ಅವಳು ನೋಡಿದಳು. ನೋಡಿದ ಮೇಲೆ ಸುಳ್ಳು ನಾಲಿಗೆಗೆ ಬರಲಿಲ್ಲ. “ನಿಮ್ಮ ಫೋನ್ ಬರ್ಲಿ ಅಂತ. ಅಷ್ಟೇ. ಒಂದು ವಾರ ಮಾತಾಡಿಲ್ಲ, ನನಗೆ ಏನೂ ಸೇರ್ತಿಲ್ಲ.”

“ಮತ್ತೆ ಥಂಬ್ಸ್ ಅಪ್ ಯಾಕೆ ಹಾಕಿದ್ರಿ? ಆ ಮೆಸೇಜ್ ನಾನು ಹಾಕಿದ್ದೇ ನೀವು ಏನಂತೀರ ನೋಡೋಣ ಅಂತ. ಇಡೀ ದಿನ ಫೋನ್ ಹಿಡ್ಕೊಂಡು ಕೂತಿದ್ದೆ. ಬಂದಿದ್ದು ಒಂದು ಹೆಬ್ಬೆಟ್ಟು.”

“ಇನ್ನೇನ್ ಹಾಕ್ಬೇಕಿತ್ತು? ಹೋಗ್ಬೇಡಿ ಅಂತ ಗ್ರೂಪಲ್ಲಿ ಬರೀಲಾ?”

“ಈಗ ಹೇಳಿ. ಇಲ್ಲಿ ಗ್ರೂಪ್ ಇಲ್ಲ.”

ಎಳನೀರಿನವನು ಕಾಯಿ ಕೊಚ್ಚುವುದನ್ನು ನಿಲ್ಲಿಸಿದ್ದ. ಸಂಯುಕ್ತಾಳಿಗೆ ಅವನ ಪರಿವೆಯೂ ಇರಲಿಲ್ಲ. “ಹೋಗ್ಬೇಡ ಗಿರಿ” ಅಂದಳು. ಬಹುವಚನ ಎಲ್ಲಿ ಬಿದ್ದುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. “ನಿನ್ನ ಕಂಡ್ರೆ ನನಗೆ ಇಷ್ಟ. ತುಂಬಾ ಇಷ್ಟ. ಇನ್ನೊಬ್ಬರನ್ನ ನೋಡೋಕೆ ಹೋಗ್ಬೇಡ.”

ಗಿರಿ ಒಂದು ಕ್ಷಣ ಕಣ್ಣು ಮುಚ್ಚಿದ. ನೀರಿಗೆ ಧುಮುಕುವ ಮೊದಲು ಉಸಿರು ಎಳೆದುಕೊಳ್ಳುವವರ ಹಾಗೆ ಎಳೆದುಕೊಂಡ. ಆಮೇಲೆ ಜೇಬಿನಿಂದ ಫೋನು ತೆಗೆದು, ಅವಳ ಮುಂದೆಯೇ ಮನೆಗೆ ಕರೆ ಮಾಡಿ, ಸ್ಪೀಕರಿಗೆ ಹಾಕಿದ.

“ಅಮ್ಮಾ, ನಾನು ದೊಡ್ಡಬಳ್ಳಾಪುರಕ್ಕೆ ಬರಲ್ಲ. ಬೈಬೇಡ. ನನಗೊಬ್ರು ಇಷ್ಟ ಆಗಿದಾರೆ. ಇಲ್ಲೇ ಪಕ್ಕದಲ್ಲೇ ಇದಾರೆ.”

ಆ ಕಡೆ ಅವನ ಅಮ್ಮ ಮುನಿಕೃಷ್ಣಮ್ಮನವರು ಯಾರಿಗೋ ‘ತಡಿ’ ಎಂದು ಕೂಗಿದ್ದು ಕೇಳಿಸಿತು. ಗಿರಿಯ ಹಣೆಯಲ್ಲಿ ಬೆವರು ಮೂಡಿತು. ಸಂಯುಕ್ತಾ ಬ್ಯಾಗಿನ ಪಟ್ಟಿಯನ್ನು ಹಿಂಡುತ್ತಿದ್ದಳು.

“ಇಂಗೆ ಒರಟ ಮೇಲೆ ಏಳ್ತೀಯಲ್ಲೋ, ನಿನಗೆ ಬುದ್ಧಿ ಐತೇನೋ?” ಅಮ್ಮನ ದನಿ ಜೋರಾಯಿತು. “ವ್ಯಾನ್ ಬಾಗಿಲಿಗೆ ಬಂದು ನಿಂತೈತೆ. ಹೂವ ತಂದಿವ್ನಿ, ಅಣ್ಣು ತಂದಿವ್ನಿ. ನಿಮ್ಮ ಸೋದರತ್ತೆ ರೇಷ್ಮೆ ಸೀರೆ ಉಟ್ಕೊಂಡು ಮುಂದಿನ ಸೀಟಲ್ಲಿ ಕೂತವಳೆ, ಇಳಿ ಅಂದ್ರೆ ಇಳಿಯೋ ಎಂಗ್ಸಲ್ಲ ಅವಳು. ಪೋನ್ ಕೊಡು ಆ ಉಡ್ಗಿಗೆ.”

ಸಂಯುಕ್ತಾ ಎರಡೂ ಕೈಯಲ್ಲಿ ಫೋನು ಹಿಡಿದಳು. “ನಮಸ್ಕಾರ ಆಂಟಿ.”

“ನನ್ನ ಮಗ ನಿಂಗೆ ಇಷ್ಟನೇನವ್ವಾ? ನಿಜ ಹೇಳು.”

“ಹ್ಞೂಂ ಆಂಟಿ.”

“ಸರಿ. ಆ ದೊಡ್ಡಬಳ್ಳಾಪುರದೋರಿಗೆ ನಾನು ಏಳ್ಕೋತೀನಿ, ಇನ್ನೂ ಮಾತೇ ಆಗಿಲ್ಲ. ತಂದಿರೋ ಹೂವು ಬಾಡ್ತವೆ. ನಿಮ್ಮನೆ ಎಲ್ಲವ್ವಾ?”

ಸಂಯುಕ್ತಾಳ ಕಣ್ಣು ತುಂಬಿಕೊಂಡವು, ಗಿರಿಯ ಮುಖ ಮಸುಕಾಗಿ ಕಂಡಿತು. ಮನೆಯಲ್ಲಿ ಅಮ್ಮ ತಲೆಗೆ ಎಣ್ಣೆ ಹಚ್ಚಿಕೊಂಡು ಕೂತಿರುತ್ತಾರೆ, ಅಪ್ಪ ಬನಿಯನ್ನಿನಲ್ಲಿ ಪೇಪರ್ ಓದುತ್ತಿರುತ್ತಾರೆ. ಇಬ್ಬರಿಗೂ ಏನು ಹೇಳಬೇಕೋ ದೇವರಿಗೇ ಗೊತ್ತು.

“ಸೋಲದೇವನಹಳ್ಳಿ ಆಂಟಿ” ಎಂದಳು. “ಹೆಸರಘಟ್ಟ ರೋಡಲ್ಲಿ ಬಂದು ಬಸ್ ಸ್ಟಾಪ್ ದಾಟಿದ ಮೇಲೆ ಎಡಕ್ಕೆ ತಿರುಗಿ. ಹಸಿರು ಗೇಟು. ಆದ್ರೆ ಸ್ವಲ್ಪ ನಿಧಾನವಾಗಿ ಬನ್ನಿ, ನಾನು ಮೊದಲು ಹೋಗಿ ಅಮ್ಮಂಗೆ ಹೇಳ್ಬೇಕು.”

ಅವಳ ಪಕ್ಕದಲ್ಲಿ ನಿಂತಿದ್ದ ಗಿರಿ, ಹಸಿರು ಗೇಟು ಎಂದು ತನ್ನಷ್ಟಕ್ಕೆ ಒಮ್ಮೆ ಹೇಳಿಕೊಂಡ.